ಗಾಜಿನ ಮೇಲೆ ಕೂತ ಉಸಿರು

ಮತ್ತೆ ಮಬ್ಬಾಯಿತು, ಈಗಷ್ಟೇ ಸೆರಗಿನಿಂದ ಒರೆಸಿದ್ದಳು ಶಾಂತಲಾ, ಅಷ್ಟರಲ್ಲೇ ಗಾಜಿನ ಮೇಲೆ ಸಣ್ಣ ಹನಿಗಳು ಕೂತು, ಒಂದಕ್ಕೊಂದು ಸೇರಿ ಜಾರಿ, ಒಳಗಿದ್ದ ಅವ್ವನ ಮುಖ — ಮೊದಲು ಮೂಗು, ಆಮೇಲೆ ಹಣೆಯ ವಿಭೂತಿ — ಕಾಣದಂಗೆ ಹೋಯಿತು, ಹೊನ್ನಾಳಿಯಿಂದ ತರಿಸಿದ ಬಾಡಿಗೆ ಫ್ರೀಜರ್ ಪೆಟ್ಟಿಗೆ, ನ್ಯಾಮತಿಯ ಅಣ್ಣನ ಮನೆ ಪಡಸಾಲೆಯಲ್ಲಿ ನಿನ್ನೆ ಸಂಜೆಯಿಂದ ಗುರ್ ಅಂತಲೇ ಇದೆ, ಅದರೊಳಗೆ ಅವ್ವ ಮಲಗಿದ್ದಾಳೆ, ಮಲಗಬಾರದಿತ್ತು, ಕೂರಬೇಕಿತ್ತು, ನಮ್ಮಲ್ಲಿ ಯಾರನ್ನಾದರೂ ಮಲಗಿಸಿ ಮಣ್ಣು ಮಾಡಿದ್ದುಂಟೇ, ಮೈ ಬಿಸಿಯಿರುವಾಗಲೇ ಕಾಲು ಮಡಚಿ, ಗೋಡೆಗೆ ಒರಗಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಕೂರಿಸುವುದು, ಅದು ಅಣ್ಣನಿಗೆ ಗೊತ್ತಿಲ್ಲವೇ, ಅಪ್ಪನನ್ನು ತಾನೇ ತೋಳಲ್ಲಿ ಹಿಡಿದು ಕೂರಿಸಿದವನು ಈ ಮಹಾಂತೇಶಣ್ಣ, ಈಗ ಮಾತ್ರ ಕಾಯ್ರಿ ಕಾಯ್ರಿ ಅಂತಾನೆ, ಸಾಹೇಬ್ರು ಬರ್ತಾರೆ, ಎಲೆಕ್ಷನ್ ಟಿಕೆಟ್ ಕೊಡೋ ಸಾಹೇಬ್ರು, ನಮ್ಮವ್ವನ ದರ್ಶನಕ್ಕೆ ಅಂತ ಅವರೇ ಫೋನ್ ಮಾಡ್ಯಾರೆ, ಅವರು ಬಂದಾಗ ಅವ್ವ ಕೆಡದಂಗೆ ಇರಬೇಕು — ಕೆಡದಂಗೆ, ಹಂಗೇ ಅಂದ, ಹಾಲಿನ ವಿಷಯ ಹೇಳಿದಂಗೆ — ಶಾಂತಲಾ ತ್ಯಾವಣಿಗೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು, ಚನ್ನಗಿರಿಯಲ್ಲಿ ಬದಲಿಸಿ, ದಾರಿಯುದ್ದಕ್ಕೂ ಅವ್ವನ ಕೈ ಹಿಡಕೊಳ್ಳಬೇಕು ಅನ್ನುವುದೊಂದೇ ಯೋಚನೆಯಲ್ಲಿ ಬಂದಳು, ಬಂದರೆ ಮುಟ್ಟಲು ಸಿಕ್ಕಿದ್ದು ಗಾಜು.

ಬಿಡ್ರಿ ಶಾಂತಲಾ, ಎಷ್ಟು ಒರೆಸಿದ್ರೂ ಬರ್ತೈತೆ, ಅಂದಳು ಅತ್ತಿಗೆ ಸಂಧ್ಯಾರಾಣಿ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ಮೆತ್ತಗೆ, ಸಮಾಧಾನ ಮಾಡುವಂತೆ, ಅದು ಒಳಗಿಂದ ಸೋರಿದ್ದಲ್ಲ, ಗಾಳೀಲಿರೋ ನೀರು, ಆವಿಯಾಗಿ ಇರ್ತೈತೆ, ಕಾಣಲ್ಲ ಅಷ್ಟೆ, ತಣ್ಣನೆ ಗಾಜು ಸಿಕ್ಕಿದ್ದಕ್ಕೆ ಹನಿಯಾಗ್ತೈತೆ, ನಾವೆಲ್ಲ ಉಸಿರು ಬಿಡ್ತೀವಲ್ಲ, ಅದ್ರಲ್ಲೂ ಐತೆ — ಉಸಿರಲ್ಲೂ ಐತಂತೆ, ಹಂಗಾದರೆ ಅವ್ವನ ಮುಖ ಮುಚ್ಚಿದ್ದು ಈ ಪಡಸಾಲೆಯ ಉಸಿರು, ಬಂದು ಕೈಮುಗಿದು ಚಹಾ ಕುಡಿದು ಅಡಿಕೆ ರೇಟು ಮಾತಾಡಿದವರ ಉಸಿರು, ಬಾಗಿಲಲ್ಲಿ ನಿಂತು ಫೋನಿಗೆ ಹ್ಞೂಂ ಸಾರ್ ಹ್ಞೂಂ ಸಾರ್ ಅನ್ನುವ ಅಣ್ಣನ ಉಸಿರು, ಒರೆಸು, ಒರೆಸು, ಸೆರಗು ಹಿಂಡಿದರೆ ನೀರು ಬರುವಷ್ಟು ಒದ್ದೆ, ಗಾಳಿಯಲ್ಲಿ ಇಷ್ಟು ನೀರಿದ್ದರೆ ಅವ್ವನ ತವರು ಸೊಕ್ಕೆಯಲ್ಲಿ ಎಲ್ಲಿಗೆ ಹೋಗಿತ್ತು, ಜಗಳೂರು ಸೀಮೆಯ ಬೇಸಿಗೆ, ತವರಿಗೆ ಬಂದ ಮಗಳಾದರೂ ಅವ್ವನ ತಲೆಯಿಂದ ಕೊಡ ಇಳಿಯಲಿಲ್ಲ, ದೂರದ ತೋಟದ ಬೋರಿನಿಂದ ಹೊತ್ತು ಬರುವಾಗ ತುಳುಕಿ ನೆನೆದ ಸಿಂಬಿ ಮನೆ ಮುಟ್ಟುವಷ್ಟರಲ್ಲಿ ಒಣಗಿ ಸೆಟೆಯುತ್ತಿತ್ತು, ತುಟಿ ಸೀಳುತ್ತಿತ್ತು, ಆಕಾಶದಲ್ಲಿ ಒಂದು ಬಿಳಿ ಚೂರಿಲ್ಲ, ಅವ್ವನ ಸಿಂಬಿಯಿಂದ, ಬೆನ್ನಿನಿಂದ, ತುಟಿಯಿಂದ ಹೀರಿಕೊಂಡು ಹೋದದ್ದೇ ಹೋದದ್ದು ಆ ಗಾಳಿ, ಒಂದು ದಿನ ವಾಪಸ್ ತಂದು ಕೊಡಲಿಲ್ಲ, ಈಗ ಬಂದಿದೆ, ಕೇಳದಿದ್ದರೂ ಬಂದಿದೆ, ಅವ್ವ ಕುಡಿಯಲಾರದಾಗ, ಅವಳ ಮುಖ ಮುಚ್ಚಲು ಬಂದು ಕೂತಿದೆ — ಗಾಳಿಯನ್ನು ಬೈದು ಏನು ಸುಖ, ಗಾಳಿಗೆ ಟಿಕೆಟ್ ಬೇಕಾಗಿಲ್ಲ.

ತಾಯಿ, ಇನ್ನೂ ತಡ ಮಾಡಿದ್ರೆ ಕಾಲು ಮಡಚಾಕೆ ಬರಲ್ಲ, ಅಂತ ಪಕ್ಕಕ್ಕೆ ಬಂದು ಕುಕ್ಕುರುಗಾಲಲ್ಲಿ ಕೂತರು ಕ್ರಿಯೆ ಮಾಡಿಸಲು ಬಂದ ಅಯ್ಯನೋರು, ಕುಣಿ ತೋಡಿ ಆಗೈತೆ, ಕೂರಿಸೋ ಅಳತೇಲಿ ತೋಡ್ಯಾರೆ, ನಾನು ಹೇಳಿದ್ರೆ ನಿಮ್ಮಣ್ಣ ಕೇಳಲ್ಲ, ಅಷ್ಟರಲ್ಲಿ ಅಣ್ಣ ಬಾಗಿಲಿಂದಲೇ ಅಂದ, ಸಾಹೇಬ್ರು ಸವಳಂಗ ದಾಟ್ಯಾರಂತೆ, ಬೆಳಿಗ್ಗೆಯೂ ಸವಳಂಗ ದಾಟಿದ್ದರು, ಊಟದ ಹೊತ್ತಿಗೂ ದಾಟಿದ್ದರು, ಒಬ್ಬ ಮನುಷ್ಯ ಒಂದೂರನ್ನು ಎಷ್ಟು ಸಲ ದಾಟುತ್ತಾನೆ, ಎದ್ದಳು ಶಾಂತಲಾ, ತಾನು ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ, ಗೋಡೆಯ ಹತ್ತಿರ ಹೋಗಿ ಪ್ಲಗ್ ಕಿತ್ತಳು, ಗುರ್ ನಿಂತಿತು, ಅಷ್ಟು ಹೊತ್ತೂ ಆ ಸದ್ದಿನ ಮರೆಯಲ್ಲಿ ಮಾತಾಡುತ್ತಿದ್ದವರೆಲ್ಲ ತಿರುಗಿ ನೋಡಿದರು, ಏನ್ ಮಾಡ್ತಿದೀಯ ನೀನು, ಅಂದ ಅಣ್ಣ, ಅವ್ವನ್ನ ಕೂರಿಸ್ತೀನಿ, ಅಂದಳು, ಹುಚ್ಚು ಹಿಡಿದೈತಾ, ಅವರು ಬರೋ ಹೊತ್ತು, ಬರಲಿ ಅಣ್ಣ, ಅವರಿಗೆ ಪೆಟ್ಟಿಗೇಲಿ ಮಲಗಿದವರೇ ಬೇಕು ಅಂದ್ರೆ ನೀನು ಮಲಕ್ಕೊ — ಅತ್ತಿಗೆಯೇ ಮೊದಲು ಬಂದು ಮುಚ್ಚಳದ ಆ ಕಡೆ ಹಿಡಿದಳು, ಗಂಡನ ಮುಖ ನೋಡದೆ, ತೆಗೀರಿ, ಅಂದಳು ಅಷ್ಟೆ.

ತಣ್ಣಗೆ, ಅಬ್ಬ ಎಷ್ಟು ತಣ್ಣಗೆ, ಹೂಜಿಯ ನೀರೂ ಹಲ್ಲಿಗೆ ಜುಮ್ಮನ್ನುತ್ತೆ ಅಂತ ಬೆಚ್ಚಗೆ ಮಾಡಿಕೊಂಡು ಕುಡಿಯುತ್ತಿದ್ದವಳನ್ನು ಹಿಂಗೆ, ಪಕ್ಕದ ಮನೆಯ ಅಂತರಘಟ್ಟಮ್ಮ ಬಚ್ಚಲ ಹಂಡೆಯಿಂದ ಬಿಸಿನೀರು ತಂದಳು, ಹಳೇ ಸೀರೆ ಹರಿದು ಅದ್ದಿ ಅದ್ದಿ ಮೊಣಕಾಲಿಗೆ ಸುತ್ತಿದರು, ಹಬೆ ಎದ್ದು ಮುಖಕ್ಕೆ ಬಡಿಯಿತು, ಒತ್ತು, ತಿಕ್ಕು, ಮೆತ್ತಗೆ, ಅವ್ವಾ ಸ್ವಲ್ಪ ಬಿಡೇ, ಎಡಗಾಲು ಬಿಟ್ಟಿತು, ನಿಧಾನಕ್ಕೆ, ಮುನಿಸು ಬಿಟ್ಟ ಹಂಗೆ ಮಡಚಿಕೊಂಡಿತು, ಬಲಗಾಲು ಬಿಡಲಿಲ್ಲ, ಇನ್ನೊಂದು ಕೊಡ ಬಿಸಿನೀರು ಸುರಿದರು, ಬಿಡಲಿಲ್ಲ, ಅಯ್ಯನೋರು ಸಾಕು ತಾಯಿ, ಮುರಿದೀತು, ಅಂದರು, ಕುಣಿ ಒಂದಿಷ್ಟು ಅಗಲ ಮಾಡಿಸ್ತೀನಿ, ಹಂಗೇ ಕೂರಿಸಿದರು, ಗೋಡೆಗೆ ಒರಗಿಸಿ, ಎದೆಗೆ ಬಟ್ಟೆ ಕಟ್ಟಿ, ಒಂದು ಕಾಲು ಮಡಚಿ ಒಂದು ಕಾಲು ಚಾಚಿ, ಹಿತ್ತಲಲ್ಲಿ ಅವರೆಕಾಯಿ ಸುಲಿಯಲು ಕೂತವಳ ಹಂಗೆ, ಆಗ ಹೊರಗೆ ಕಾರಿನ ಬಾಗಿಲುಗಳು ದಪ್ ದಪ್, ಸಾಹೇಬರು ಬಂದೇಬಿಟ್ಟರು, ಹಿಂದೆ ಕ್ಯಾಮೆರಾದವನು, ಸಾಹೇಬರು ಹಾರ ಹಿಡಿದು ಮುಂದೆ ಬಂದು ನಿಂತರು, ಅವ್ವನ ಕಾಲು ನೆಟ್ಟಗೆ ಅವರ ಕಡೆಗೇ ಚಾಚಿದೆ, ಅಂಗಾಲು ಅವರ ಎದುರಿಗೇ, ಆ ಕಾಲೊಂಚೂರು ಮುಚ್ರಿ, ಫೋಟೋಕ್ಕೆ ಬರ್ತೈತೆ, ಅಂದ ಕ್ಯಾಮೆರಾದವನು, ಅಣ್ಣ ಹೆಗಲ ಟವೆಲ್ ತೆಗೆದು ಹೊದಿಸಿದ, ಶಾಂತಲಾ ಎತ್ತಿ ಪಕ್ಕಕ್ಕಿಟ್ಟಳು, ಮತ್ತೆ ಹೊದಿಸಿದ, ಮತ್ತೆ ಎತ್ತಿಟ್ಟಳು, ಸಾಹೇಬರು ಹಾರ ಎಲ್ಲಿಂದ ಹಾಕಲಿ ಅಂತ ತಿಳಿಯದೆ ಆ ಕಡೆ ಒಂದು ಹೆಜ್ಜೆ, ಈ ಕಡೆ ಒಂದು ಹೆಜ್ಜೆ, ದಾಟಲಾರದೆ, ಕಾಲು ಅಲ್ಲೇ ಇದೆ, ಯಾರಿಗೂ ಜಾಗ ಬಿಡದೆ, ಒಡೆದ ಹಿಮ್ಮಡಿ, ಆ ಬಿರುಕಿನೊಳಗೆ ಬಿಸಿನೀರು, ಇನ್ನೂ ಸಣ್ಣಗೆ ಹಬೆ, ಆ ಕಾಲು, ಚಾಚಿದ ಆ ಕಾಲು.