ಗಾಲಿಯ ಅಳತೆ

ಟೈಲರಮ್ಮ ಜೀಪಿನ ಮುಂದಿನ ಗಾಲಿಯ ಪಕ್ಕ ಬಗ್ಗಿ, ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿಯಲ್ಲಿ ತನ್ನ ಹೊಲಿಗೆ ಟೇಪು ತೂರಿಸಿದ್ದಳು. ಟೈರ್ ಅಂಗಡಿಯವನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದ. ಮೂವತ್ತು ವರ್ಷದಲ್ಲಿ ಅವನ ಅಂಗಡಿಗೆ ಎಂತೆಂಥವರೋ ಬಂದು ಹೋಗಿದ್ದರು. ಜೀಪಿಗೆ ಅಂಗಿಯ ಅಳತೆ ತೆಗೆಯುವವರು ಬಂದದ್ದು ಇದೇ ಮೊದಲು.

ಜೀಪು ಸೊಸೆಯದು. ಅವಳದು ಜಮೀನು ಅಳೆಯುವ ಕೆಲಸ, ಗುಡ್ಡ ಸುತ್ತಲು ಬಾಗಿಲಿಲ್ಲದ ಹಳೆಯ ಜೀಪೊಂದನ್ನು ಕೊಂಡಿದ್ದಳು. ತಿಂಗಳಿಗೊಮ್ಮೆ ಅದರಲ್ಲೇ ಅತ್ತೆಯನ್ನು ಕೂರಿಸಿಕೊಂಡು, ಗುಡ್ಡದ ಮೇಲಿದ್ದ ಅತ್ತೆಯ ಅಕ್ಕನ ಮನೆಗೆ ಹೋಗಿಬರುತ್ತಿದ್ದಳು. ಈ ಸಲದ ಮಳೆಗೆ ದಾರಿಯ ಮಣ್ಣೆಲ್ಲ ಕೊಚ್ಚಿಹೋಗಿ, ನಟ್ಟನಡುವೆ ಒಂದು ಬಂಡೆಯ ನೆತ್ತಿ ಎದ್ದು ಕೂತಿತ್ತು. ಎರಡು ಸಲ ಹೋದರು. ಎರಡು ಸಲವೂ ಜೀಪಿನ ಹೊಟ್ಟೆ ಅದಕ್ಕೆ ಬಡಿದು, ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾದರು. ಅಲ್ಲಿಂದ ಮುಂದಕ್ಕೆ ನಡೆಯೋಣವೆಂದರೆ ಟೈಲರಮ್ಮನ ಮೊಣಕಾಲು ಒಪ್ಪದು. ಅಕ್ಕನಿಗೋ ವಾಹನ ಹತ್ತಿದರೆ ಹೊಟ್ಟೆ ತೊಳಸುತ್ತದೆ, ಅವಳು ಇಳಿದು ಬರುವ ಮಾತೇ ಇಲ್ಲ.

ಹೋದ ವಾರ ಹಾಲಿನವನ ಕೈಯಲ್ಲಿ ಅಕ್ಕ ಹೇಳಿ ಕಳಿಸಿದ್ದಳು. ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದಕ್ಕೆ ಗೇಣುದೂರದಲ್ಲಿ ಹಿಡಿದದ್ದು ಮಾತ್ರ ಕಾಣುತ್ತದೆ, ಅದೂ ಉಳಿಯುವುದಿಲ್ಲವೆಂದು ಡಾಕ್ಟರು ಕೈಚೆಲ್ಲಿದ್ದಾರೆ. ಆ ಕಣ್ಣೂ ಹೋಗುವ ಮುಂಚೆ ಒಂದು ಸಲ ಬಂದು ಮುಖ ತೋರಿಸು. ಅಂದಿನಿಂದ ಟೈಲರಮ್ಮನ ಜೀವ ಜೀವದಲ್ಲಿರಲಿಲ್ಲ. ಯಾರದೋ ಅಂಗಿಗೆ ಎರಡು ತೋಳನ್ನೂ ಎಡಗಡೆಯದೇ ಹೊಲಿದಿಟ್ಟಿದ್ದಳು.

ಟೈರಿನವನು ಮೊದಲೇ ವಿವರಿಸಿದ್ದ. ಸ್ಪ್ರಿಂಗ್ ಎತ್ತರಿಸಿದರೆ ಜೀಪಿನ ಮೈ ಏಳುತ್ತದೆ, ಸರಿ. ಆದರೆ ಬಂಡೆಗೆ ಬಡಿಯುವುದು ಮೈಯಲ್ಲ, ಹಿಂದಿನ ಎರಡು ಗಾಲಿಗಳ ನಡುವೆ ಇರುವ ಕಬ್ಬಿಣದ ಗುಂಡು. ಅದು ಏಳಬೇಕಾದರೆ ಟೈರೇ ದೊಡ್ಡದಾಗಬೇಕು. ಮೂರಿಂಚು ಎತ್ತರದ ಟೈರ್ ಹಾಕಿದರೆ ಗುಂಡು ಒಂದೂವರೆ ಇಂಚು ಏಳುತ್ತದೆ, ಆ ಬಂಡೆಗೆ ಅಷ್ಟು ಸಾಕು.

ಟೈಲರಮ್ಮ ಅಲ್ಲೇ ತಡೆದಳು. "ಮೂರಿಂಚು ಹಾಕಿ ಒಂದೂವರೆ ಅಂತೀಯಲ್ಲ, ಮಿಕ್ಕಿದ್ದು ಎಲ್ಲಿ ಹೋಯ್ತಪ್ಪಾ? ಬಟ್ಟೆ ಕದಿಯೋ ಟೈಲರ್ ಥರ ಮಾತಾಡ್ತೀಯ."

ಅವನು ನಗುತ್ತ ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಗಾಲಿ ಬರೆದ. ಬೆಳೆದದ್ದರಲ್ಲಿ ಅರ್ಧ ನಡುವಿನ ಅಚ್ಚಿನ ಕೆಳಗೆ, ಅರ್ಧ ಮೇಲೆ. ಅವಳು ಎರಡು ನಿಮಿಷ ತಲೆ ಓರೆ ಮಾಡಿ ನೋಡಿದಳು. ಅರ್ಥವಾದದ್ದೇ ತಡ, ಅರವತ್ತೈದು ವರ್ಷ ಗಾಲಿಗಳನ್ನು ನೋಡುತ್ತಲೇ ಬದುಕಿ ಇಷ್ಟೂ ತಿಳಿಯದೆ ಹೋಯಿತಲ್ಲ ಎಂದು ಖುಷಿಯೋ ಖುಷಿ.

ಅವನು ನಾಲ್ಕೂ ಗಾಲಿಗೆ ದೊಡ್ಡ ಟೈರ್ ಕೂರಿಸಿದ. ಅಗಲದ ಟೈರಿಗೆಂದು ಅದನ್ನು ಹಿಡಿದಿಡುವ ಹೊಸ ಕಬ್ಬಿಣದ ಡಿಸ್ಕು ಬೇರೆ. ಗಾಲಿ ಜೀಪಿನ ಮೈಯಿಂದ ನಾಲ್ಕು ಬೆರಳು ಹೊರಕ್ಕೆ ಚಾಚಿಕೊಂಡಿತು. ಸಂದಿಯಲ್ಲಿ ಕೈಯಾಡಿಸಿ, ಎಲ್ಲ ಸಲೀಸಾಗಿ ಕೂತಿದೆ ಎಂದ.

"ಕೈ ಇಳಿಬಿಟ್ಟಾಗ ಎಲ್ಲರ ಅಂಗಿನೂ ಸಲೀಸೇ," ಎಂದಳು ಟೈಲರಮ್ಮ. "ಎತ್ತಿದಾಗ ತಾನೇ ಕಂಕುಳು ಹರಿಯೋದು. ಸ್ಟೇರಿಂಗ್ ಪೂರ್ತಿ ತಿರುಗಿಸು, ನೋಡೋಣ."

ಸೊಸೆ ಹತ್ತಿ ಕೂತು ತಿರುಗಿಸಿದಳು. ಟೈರು ಕರ್ರೆಂದು ಮಡ್‌ಗಾರ್ಡಿನ ಅಂಚನ್ನು ಕಚ್ಚಿತು. ಟೈರಿನವನು ಕತ್ತು ಕೆರೆದುಕೊಂಡ. ಹೀಗೇ ಕಳಿಸಿದ್ದರೆ ಗುಡ್ಡದ ಮೊದಲ ತಿರುವಿನಲ್ಲೇ ಟೈರ್ ಸೀಳುತ್ತಿತ್ತೆಂದು ಒಪ್ಪಿಕೊಂಡ. ಹಾಗಾದರೆ ಸ್ಪ್ರಿಂಗನ್ನೂ ಎರಡಿಂಚು ಎತ್ತರಿಸಲೇಬೇಕು. ಎತ್ತರಿಸು ಎಂದಳು ಟೈಲರಮ್ಮ. ತನ್ನ ಮಾತಿಗೆ ಇಷ್ಟು ದೊಡ್ಡ ಗಾಡಿಯೇ ಎದ್ದು ನಿಲ್ಲುತ್ತದಲ್ಲ ಎಂದು ಹಿಗ್ಗಿ ಹೀರೇಕಾಯಿಯಾಗಿದ್ದಳು.

ಸಂಜೆಗೆ ಜೀಪು ರಸ್ತೆಯಲ್ಲಿ ಎದೆ ಸೆಟೆಸಿ ನಿಂತಿತು. ಟೈಲರಮ್ಮ ಸರಳು ಹಿಡಿದು ಕಾಲೆತ್ತಿದಳು. ಮೊಣಕಾಲು ಎಂದಿನಷ್ಟೇ ಎತ್ತರಕ್ಕೆ ಹೋಗಿ ನಿಂತಿತು. ಪಾದ ಜೀಪಿಗೆ ಮುಟ್ಟಲಿಲ್ಲ. ಇನ್ನೊಂದು ಸಲ ಎತ್ತಿದಳು. ಸೊಸೆಗೆ ನಗು ಬಂತು, ಅತ್ತೆಯ ಮುಖ ನೋಡಿ ಅಲ್ಲೇ ನುಂಗಿಕೊಂಡಳು. ಟೈರಿನವನು ಸುಮ್ಮನೆ ಯಾವುದೋ ನಟ್ಟು ಒರೆಸತೊಡಗಿದ.

"ಎಲ್ಲದರ ಅಳತೆ ತೆಗೆದೆ ಕಣೇ. ಹತ್ತೋಳ ಅಳತೆ ಮಾತ್ರ ತೆಗೀಲಿಲ್ಲ," ಎಂದಳು ಟೈಲರಮ್ಮ. ನಲವತ್ತು ವರ್ಷ ಕತ್ತರಿ ಹಿಡಿದವಳಿಗೆ ನಾಚಿಕೆಯಿಂದ ಅಳುವೇ ಬಂತು.

ಸ್ಪ್ರಿಂಗ್ ಇಳಿಸಿದರೆ ತಿರುವು ದಾಟದು, ಟೈರ್ ಬಿಚ್ಚಿದರೆ ಬಂಡೆ ದಾಟದು. ಕೊನೆಗೆ ಟೈರಿನವನು ತಾನು ಕೂರುವ ಸ್ಟೂಲನ್ನೇ ತಂದಿಟ್ಟ. ಅದರ ಮೇಲೆ ನಿಂತು, ಸೊಸೆಯ ಹೆಗಲಿಗೆ ಒರಗಿ, ಹೇಗೋ ಹತ್ತಿದಳು. ಸ್ಟೂಲನ್ನು ಅವನು ಜೊತೆಗೇ ಕೊಟ್ಟು ಕಳಿಸಿದ.

ಮರುದಿನ ಬೆಳಿಗ್ಗೆಯೇ ಹೊರಟರು. ಬಂಡೆಯ ಹತ್ತಿರ ಸೊಸೆ ಇಳಿದು, ಸುತ್ತ ನೋಡಿ, ಮತ್ತೆ ಹತ್ತಿ ಮೊದಲನೇ ಗೇರಿಗೆ ಹಾಕಿದಳು. ಟೈಲರಮ್ಮ ಕೆಳಗೇ ಕಿವಿಗೊಟ್ಟು ಕೂತಳು. ಮುಂದಿನ ಗಾಲಿ ಹತ್ತಿ ಇಳಿಯಿತು. ಹಿಂದಿನದು ಹತ್ತಿತು, ಇಳಿಯಿತು. ಬಡಿದ ಸದ್ದಿಲ್ಲ.

"ಹೋಯ್ತೇನೇ?"

"ಹೋಯ್ತು ಅತ್ತೆ."

ಅಕ್ಕನ ಅಂಗಳದಲ್ಲಿ ಜೀಪು ನಿಂತ ಮೇಲೆಯೇ ಇಬ್ಬರೂ ಮುಖ ಮುಖ ನೋಡಿಕೊಂಡದ್ದು. ಹೊರಡುವ ಗಡಿಬಿಡಿಯಲ್ಲಿ ಸ್ಟೂಲು ತಮ್ಮ ಮನೆಯ ಮುಂದೆಯೇ ಉಳಿದಿತ್ತು. ಕುರ್ಚಿ ತರುತ್ತೇನೆಂದು ಸೊಸೆ ಒಳಗೆ ಓಡಿದಳು.

ಅಷ್ಟರಲ್ಲಿ ಅಕ್ಕ ಗೋಡೆ ಸವರಿಕೊಂಡು ಹೊರಗೆ ಬಂದಿದ್ದಳು. ಎಪ್ಪತ್ತು ದಾಟಿದ್ದರೂ ಗುಡ್ಡ ಹತ್ತಿ ಇಳಿದ ಗಟ್ಟಿ ಕಾಲು. ಶಬ್ದ ಬಂದ ಕಡೆ ಮುಖವೆತ್ತಿ, "ಎಲ್ಲಿದ್ದೀಯೆ?" ಎಂದಳು.

"ಇಲ್ಲೇ ಅಕ್ಕಾ, ಮೇಲೆ. ಇಳಿಯಕ್ಕೆ ಆಗ್ತಿಲ್ಲ. ಒಂಚೂರು ತಡಿ, ಕುರ್ಚಿ ಬರುತ್ತೆ."

ಅಕ್ಕ ತಡೆಯಲಿಲ್ಲ. ಸೀಟಿನ ಹಿಂದಿನ ಗಾಲಿಯನ್ನು ಎರಡು ಕೈಯಲ್ಲೂ ಸವರಿದಳು. ಟೈರಿನ ಒಂದೊಂದು ಗಡ್ಡೆಯ ನಡುವೆಯೂ ಬೆರಳು ತೂರಿಸಿ, "ಇದೇನೇ ಇಷ್ಟು ದೊಡ್ಡದು," ಎಂದು ಗೊಣಗಿದಳು. ಆಮೇಲೆ ಸರಳು ಹಿಡಿದು, ಒಂದು ಕಾಲು ಡಿಸ್ಕಿನ ಅಂಚಿಗೆ, ಇನ್ನೊಂದು ಕಾಲು ಹೊರಕ್ಕೆ ಚಾಚಿದ್ದ ಟೈರಿನ ಮೇಲಕ್ಕೆ ಇಟ್ಟು, ಹುಂ ಎಂದು ಎದ್ದು ನಿಂತಳು. ಅವಳ ಮುಖ ಟೈಲರಮ್ಮನ ಮುಖದಿಂದ ಗೇಣುದೂರಕ್ಕೆ ಬಂತು.

"ಅಲ್ಲಾಡಬೇಡ," ಎಂದಳು.

ಇದ್ದ ಒಂದು ಕಣ್ಣನ್ನು ಹಣೆಯಿಂದ ಶುರುಮಾಡಿ ಹುಬ್ಬಿಗೆ, ಮೂಗಿಗೆ, ಕನ್ನಡಕದ ಗುರುತಿಗೆ ನಿಧಾನವಾಗಿ ಇಳಿಸಿದಳು. ಟೈಲರಮ್ಮನಿಗೆ ಕಣ್ಣು ತುಂಬಿ ಹರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಕುರ್ಚಿ ಹಿಡಿದು ಬಾಗಿಲಿಗೆ ಬಂದ ಸೊಸೆ ಅದನ್ನು ಸದ್ದಾಗದ ಹಾಗೆ ಹೊಸ್ತಿಲ ಪಕ್ಕ ಇಟ್ಟು, ತಾನೇ ಅದರ ಮೇಲೆ ಕೂತಳು.