ಮೂರನೇ ಯಂತ್ರದ ಚೀಟಿ

ಆಸ್ಪತ್ರೆ, ವಸತಿಗೃಹಗಳ ಬಟ್ಟೆ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ ಅವಳ ಕೆಲಸ ಜೇಬು ನೋಡುವುದು. ಪೆನ್ನು, ಮಾತ್ರೆ, ಪ್ರೇಮಪತ್ರ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಏನಿದ್ದರೂ ತೆಗೆದಿಟ್ಟು, ಯಾವ ಬಟ್ಟೆ, ಎಷ್ಟು, ಏನು ಕಲೆ ಎಂದು ಚೀಟಿ ಬರೆದು ಪಿನ್ನು ಚುಚ್ಚಿ ಮುಂದಕ್ಕೆ ತಳ್ಳಬೇಕು. ಹದಿನಾಲ್ಕು ವರ್ಷದಲ್ಲಿ ಒಂದು ಜೇಬೂ ಅವಳ ಕೈ ತಪ್ಪಿರಲಿಲ್ಲ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಜೇಬಕ್ಕ.

ಮೂರನೇ ಯಂತ್ರದ ವಿಷಯ ಅವಳ ಕಿವಿಗೆ ಹಾಕಿದ್ದು ಬಾಯ್ಲರ್ ನೋಡಿಕೊಳ್ಳುವ ಮುದುಕ. ಅವನನ್ನು ಎಲ್ಲರೂ ಮಾವ ಎನ್ನುತ್ತಿದ್ದರು. ಆ ಯಂತ್ರದೊಳಗೆ ಚೀಟಿ ಬರೆದು ಹಾಕಿದರೆ ಕೇಳಿದ್ದು ಆಗುತ್ತದಂತೆ. ಇಸ್ತ್ರಿಯವಳ ಮಂಡಿನೋವು ಹೋಯಿತಂತೆ. ಗಾಡಿ ಓಡಿಸುವವನ ಕಳೆದುಹೋದ ನಾಯಿ ತಾನಾಗಿ ಬಾಗಿಲಿಗೆ ಬಂತಂತೆ, ಮೈಯೆಲ್ಲ ಸೋಪಿನ ವಾಸನೆ.

"ಒಗೆಯೋ ಯಂತ್ರಾನ ದೇವರು ಮಾಡಿಬಿಟ್ರಲ್ಲ ಮಾವ! ಬಾಯ್ಲರ್ ಬಿಸಿ ತಲೆಗೇರಿದೆ ನಿಮಗೆ."

"ನೀನೇ ಹೇಳಮ್ಮ, ದೇವರು ಅನ್ನಿಸ್ಕೊಳ್ಳೋಕೆ ಏನಿರ್ಬೇಕು? ಎಲ್ಲ ಗೊತ್ತಿರ್ಬೇಕು. ಎಲ್ಲ ಮಾಡೋಕಾಗ್ಬೇಕು. ಇದಕ್ಕೆ ಎರಡೂ ಇದೆ."

"ಒಳ್ಳೇದೂ ಆಗಿರ್ಬೇಕಲ್ಲ?"

ಮಾವ ಕತ್ತಿನ ಬೆವರು ಒರೆಸಿಕೊಂಡ. "ಕೊಳೆ ತೆಗೆಯುತ್ತೆ. ಇನ್ನೇನು ಒಳ್ಳೇತನ ಬೇಕು ನಿಂಗೆ?"

ಜೇಬಕ್ಕ ನಕ್ಕುಬಿಟ್ಟಳು. ನಗು ಎಷ್ಟು ದಿನ ಇರುತ್ತದೆ, ತನ್ನ ಬುಡಕ್ಕೆ ನೀರು ಬರುವವರೆಗೆ ತಾನೆ? ಅವಳಿಗಿದ್ದವನು ಒಬ್ಬನೇ ತಮ್ಮ, ಗೋಡೆಗೆ ಬಣ್ಣ ಬಳಿಯುವವನು. ಅಮ್ಮನ ಹೊಲಿಗೆ ಯಂತ್ರವನ್ನು ಹೇಳದೆ ಕೇಳದೆ ಯಾರಿಗೋ ಕೊಟ್ಟುಬಿಟ್ಟಿದ್ದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬಾಗಿಲಲ್ಲಿ ನಿಂತವನಿಗೆ, "ನೀನು ಸತ್ರೂ ನನಗೆ ತಿಳಿಸ್ಬೇಡ" ಅಂದಳು. ಅವನು ಹೊರಟುಹೋದ. ಎರಡನೇ ದಿನ ನಾಲ್ಕನೇ ಮಹಡಿಯ ಎತ್ತರದಿಂದ, ಬಣ್ಣ ಬಳಿಯಲು ಕಟ್ಟಿದ್ದ ಸಾರುವೆ ಮುರಿದು ಬಿದ್ದ. ಮೂರು ವಾರ ಆಸ್ಪತ್ರೆಯಲ್ಲಿ ಕಣ್ಣು ಬಿಡಲಿಲ್ಲ. ಕೆಲಸ ಮುಗಿಸಿ ಅವಳು ದಿನಾ ಅವನ ಮಂಚದ ಪಕ್ಕ ಕೂರುತ್ತಿದ್ದಳು. ಅವನು ಎದ್ದು ಕೂತು, ಆ ಮಾತಿಗೆ ಒಮ್ಮೆ ಬೈದು, ಆಮೇಲೆ ಹೋಗಲಿ ಬಿಡಕ್ಕ ಅಂದರೆ ಸಾಕಿತ್ತು.

ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಅವಳು ಮೂರನೇ ಯಂತ್ರದ ಮುಂದೆ ಪೆನ್ಸಿಲ್ ಹಿಡಿದು ನಿಂತಳು. ಹದಿನಾಲ್ಕು ವರ್ಷ ಪಳಗಿದ ಕೈ. ಯೋಚಿಸುವ ಮುಂಚೆಯೇ ಬರೆದು ಮುಗಿಸಿತ್ತು: "ತಮ್ಮ, ಒಂದು. ಎಲ್ಲ ಕಲೆ ತೆಗೆದು ವಾಪಸು ಕೊಡುವುದು."

ಚೀಟಿ ಒಳಗೆ ಹಾಕಿ ಬಾಗಿಲು ಮುಚ್ಚಿದಳು. ಖಾಲಿ ಯಂತ್ರ ತಿರುಗಿತು. ಗುಂಡಿ ಒತ್ತಿದವರು ಯಾರೂ ಇಲ್ಲ. ಗಾಜಿನ ಒಳಗೆ ನೀರಿರಲಿಲ್ಲ, ಆದರೂ ಏನೋ ಒದ್ದೆಯಾದದ್ದು ಸುತ್ತಿ ಸುತ್ತಿ ಬೀಳುವ ಸದ್ದು. ಅದು ನಿಲ್ಲುವುದಕ್ಕೂ ಆಸ್ಪತ್ರೆಯಿಂದ ಫೋನ್ ಬರುವುದಕ್ಕೂ ಸರಿಹೋಯಿತು. ನಿಮ್ಮ ತಮ್ಮ ಎದ್ದು ಕೂತಿದ್ದಾರೆ ಎಂದರು.

ನಿಜವಾಗಿಯೂ ಕೂತಿದ್ದ. ಮೈಮೇಲೆ ಒಂದು ಗೀರೂ ಇರಲಿಲ್ಲ. ಹಳೆಯ ಗಾಯದ ಗುರುತುಗಳಿರಲಿಲ್ಲ, ಕೆನ್ನೆಯ ಮಚ್ಚೆಯಿರಲಿಲ್ಲ, ಉಗುರ ಸಂದಿನಲ್ಲಿ ವರ್ಷಗಟ್ಟಲೆ ಕೂತಿದ್ದ ಬಣ್ಣವೂ ಇರಲಿಲ್ಲ. ಹಸುಗೂಸಿನಂಥ ನಗು ನಕ್ಕು, "ನೀವು ಯಾರು?" ಎಂದ.

"ಅಕ್ಕ ಕಣೋ. ನಿನ್ನ ಅಕ್ಕ."

"ಹೌದಾ? ಎಷ್ಟು ದಿನದಿಂದ?"

ಮನೆಗೆ ಕರೆತಂದಳು. ಜ್ಞಾಪಕ ನಿಧಾನಕ್ಕೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾಲ್ಕು ದಿನವಾದರೂ ಬರಲಿಲ್ಲ. ತಟ್ಟೆ ತೊಳೆದಿಡುತ್ತಿದ್ದ, ಥ್ಯಾಂಕ್ಸ್ ಹೇಳುತ್ತಿದ್ದ, ನೀವು ತುಂಬಾ ಒಳ್ಳೆಯವರು ಎನ್ನುತ್ತಿದ್ದ. ಅದನ್ನು ಕೇಳಿದಾಗಲೆಲ್ಲ ಅವಳು ಎದ್ದು ಒಳಗೆ ಹೋಗುತ್ತಿದ್ದಳು.

ಐದನೇ ದಿನ ಲಾಂಡ್ರಿಗೆ ಬಂದವಳೇ ಯಂತ್ರದ ಗಾಜಿಗೆ ಗುದ್ದಿದಳು. "ದೇವರಂತೆ ದೇವರು! ಯಾವುದು ತೆಗೀಲಿ, ಯಾವುದು ಬಿಡ್ಲಿ ಅಂತ ಒಂದ್ ಮಾತು ಕೇಳೋದಲ್ವಾ? ಅಷ್ಟೂ ಗೊತ್ತಾಗದೆ ಇದ್ರೆ ನೀನೆಂಥ ದೇವರು?"

ಬಾಗಿಲು ಮೆಲ್ಲಗೆ ತೆರೆದುಕೊಂಡಿತು. ಬೆಚ್ಚನೆಯ ಗಾಳಿ ಮುಖಕ್ಕೆ ತಾಗಿತು, ಯಾರೋ ಹತ್ತಿರ ನಿಂತು ಉಸಿರು ಬಿಟ್ಟ ಹಾಗೆ. ಒಳಗೆ ಒಂದು ಚೀಟಿ ಇತ್ತು. ಅಕ್ಷರ ಅವಳದೇ. ಅವಳು ಬರೆದಿರಲಿಲ್ಲ.

"ಅಕ್ಕ, ಒಂದು. ಕಲೆ: ಆಡಿದ ಮಾತು."

ಜೇಬಕ್ಕ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಆ ಯಂತ್ರಕ್ಕೆ ಅವಳ ಮೇಲೆ ಸಿಟ್ಟಿರಲಿಲ್ಲ. ಪಾಪ, ಕನಿಕರವಿತ್ತು. ಅದೇ ಅವಳನ್ನು ಹೆದರಿಸಿದ್ದು. "ಬೇಡ" ಎಂದಳು ಗಟ್ಟಿಯಾಗಿ. "ಅದು ನಂದು. ಇವತ್ತು ಸಂಜೆ ಅವನ ಮುಂದೆ ಕೂತು ಹೇಳ್ತೀನಿ, ಇಂಥ ಮಾತು ಅಂದಿದ್ದೆ ಕಣೋ ಅಂತ. ಕ್ಷಮಿಸೋದು ಬಿಡೋದು ಅವನಿಗೆ ಬಿಟ್ಟಿದ್ದು." ಚೀಟಿಯನ್ನು ಮುದುರಿ ಏಪ್ರನ್ ಜೇಬಿಗೆ ತುರುಕಿ ಕೆಲಸಕ್ಕೆ ಕೂತಳು. ದಿನವಿಡೀ ಆ ಮಾತನ್ನು ಹೇಗೆ ಶುರುಮಾಡುವುದೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು.

ವಾರದ ಕೊನೆಯ ದಿನ ಅದು. ಕೆಲಸ ಮುಗಿದ ಗಂಟೆ ಹೊಡೆಯುತ್ತಲೇ ಎಲ್ಲರೂ ಏಪ್ರನ್ ಬಿಚ್ಚಿ ಹತ್ತಿರದ ಯಂತ್ರಕ್ಕೆ ಎಸೆದು ಹೋಗುವುದು ಅಲ್ಲಿನ ರೂಢಿ. ಅವಳೂ ಬಿಚ್ಚಿದಳು, ಪಕ್ಕದಲ್ಲಿದ್ದ ಮೂರನೇ ಯಂತ್ರಕ್ಕೆ ಎಸೆದಳು. ಊರವರ ಜೇಬನ್ನೆಲ್ಲ ನೋಡಿದವಳು ತನ್ನ ಜೇಬು ನೋಡಲಿಲ್ಲ.

ಮನೆಗೆ ಬಂದು ತಮ್ಮನ ಎದುರು ಕುರ್ಚಿ ಎಳೆದುಕೊಂಡಳು. "ನಿನ್ನ ಹತ್ರ ಒಂದ್ ಮಾತು ಹೇಳ್ಬೇಕಿತ್ತು."

"ಹೇಳಿ."

ಅವಳು ಬಾಯಿ ತೆರೆದಳು. ಅಮ್ಮನ ಹೊಲಿಗೆ ಯಂತ್ರ ನೆನಪಿತ್ತು. ಬಾಗಿಲು ನೆನಪಿತ್ತು. ಬಾಗಿಲಲ್ಲಿ ನಿಂತ ಅವನ ಮುಖವೂ ನೆನಪಿತ್ತು, ಏನನ್ನೋ ಕೇಳಿ ಬಿಳಿಚಿಕೊಂಡ ಮುಖ. ಕೇಳಿದ್ದೇನು? ಹುಡುಕಿದಳು, ಒಳಗೆಲ್ಲ ತಡಕಾಡಿದಳು. ಎಲ್ಲ ಒಣಗಿ, ಮಡಚಿ, ಬೆಚ್ಚಗಿತ್ತು. ಇಷ್ಟು ದಿನ ಎದೆಯ ಮೇಲಿದ್ದ ಭಾರ ಇರಲಿಲ್ಲ. ಆ ಹಗುರಕ್ಕೇ ಅವಳಿಗೆ ಅಳು ಬಂತು.

"ಯಾಕೆ ಅಳ್ತಿದ್ದೀರಿ?" ಎಂದ ತಮ್ಮ, ಗಾಬರಿಯಾಗಿ.

"ಗೊತ್ತಿಲ್ಲ ಕಣೋ" ಎಂದಳು. "ನನ್ನನ್ನ ಕ್ಷಮಿಸ್ತೀಯಾ?"

"ಅಯ್ಯೋ, ನೀವೇನು ಮಾಡಿದ್ದೀರಿ?" ಎಂದು ಅವನು ಬೆರಗಿನಿಂದ ನಕ್ಕ. ಉತ್ತರ ಕೊಡಬಲ್ಲವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ.