ಒಂದು ಅಡ್ಡಗೀಟು ಕಡಿಮೆ

ಉದ್ಯಮಬಾಗದ ಒಂದು ಸಣ್ಣ ಕಂಪನಿಯಲ್ಲಿ ಕುಳಿತು ಸಾಕ್ಷಿ ಊರೂರಿನ ಪಂಪುಗಳನ್ನು ಕಂಪ್ಯೂಟರಿನಿಂದಲೇ ನಡೆಸುತ್ತಿದ್ದಳು. ಆ ಮಧ್ಯಾಹ್ನ ಹಲಸಿ ಬಾಜುವಿನ ಕುಡಿಯುವ ನೀರಿನ ಬಾವಿಯಿಂದ ಮೆಕ್ಯಾನಿಕ್ ಸಿದರಾಯನ ಫೋನ್ ಬಂತು.

"ಮೇಡಂ, ಪೈಪಿನ ಬೋಲ್ಟ್ ಬಿಗಿ ಮಾಡಾಕ ಬಾವ್ಯಾಗ ಇಳೀತೀನ್ರಿ. ಪಂಪ್ ಚಾಲೂ ಮಾಡಬ್ಯಾಡ್ರಿ."

"ಇಲ್ಲ ಅಣ್ಣಾ. ಬರೇ ಲೈನ್ ಸಿಗತೈತೋ ಇಲ್ಲೋ ನೋಡ್ತೀನಿ."

ಪಂಪ್ ಚಾಲೂ ಮಾಡುವ ಆದೇಶದ ಕೊನೆಗೆ ಎರಡು ಅಡ್ಡಗೀಟು ಹಾಕಿ 'ಟೆಸ್ಟ್' ಎಂದು ಸೇರಿಸಿದರೆ ಪಂಪ್ ತಿರುಗುವುದಿಲ್ಲ, ಸಂಪರ್ಕದ ಪರೀಕ್ಷೆ ಮಾತ್ರ ಆಗುತ್ತದೆ. ಸಾಕ್ಷಿ ಟೈಪ್ ಮಾಡಿ ಎಂಟರ್ ಒತ್ತಿದಳು. ಪರದೆಯ ಮೇಲೆ ಮೂಡಿತು: ಪಂಪ್ ಚಾಲೂ ಆಗಿದೆ.

ತಾನು ಬರೆದದ್ದನ್ನು ಮತ್ತೆ ನೋಡಿದಳು. ಗೀಟು ಒಂದೇ ಬಿದ್ದಿತ್ತು. ಪ್ರೋಗ್ರಾಂ ಒಂದೇ ಗೀಟಿನ 'ಟೆಸ್ಟ್' ಏನೆಂದು ತಿಳಿಯದೆ ಅದನ್ನು ಬಿಟ್ಟು, ಉಳಿದದ್ದನ್ನು ನಡೆಸಿಬಿಟ್ಟಿತ್ತು.

ನಿಲ್ಲಿಸುವ ಆದೇಶ ಬರೆಯುವ ಅವಸರದಲ್ಲಿ ಅಕ್ಷರ ತಪ್ಪಿತು. ಅಳಿಸಿದಳು. ಈ ಸಲ ತಪ್ಪಿದರೂ ಪ್ರೋಗ್ರಾಂ ಹೇಳುವುದಿಲ್ಲ. ಅಕ್ಷರ ಅಕ್ಷರ ಓದಿಕೊಂಡು ಒತ್ತಿದಳು. ಪಂಪ್ ನಿಂತಿತು.

ಸಿದರಾಯನ ಫೋನ್ ಹತ್ತಲಿಲ್ಲ. ಪಂಪ್‌ಹೌಸ್ ನೋಡಿಕೊಳ್ಳುವ ಮಾಯಕ್ಕ ಎತ್ತಲಿಲ್ಲ. ಕಂಪನಿಯ ಮಾಲೀಕ ಓಂಕಾರ ಸಂಗತಿ ಕೇಳಿದವನೇ ಕಾರು ತೆಗೆದ. ಇಬ್ಬರೂ ಬಾವಿಯ ಕಡೆ ಹೊರಟು ಪೀರನವಾಡಿ ದಾಟಿದರು. ಸಾಕ್ಷಿ ಮತ್ತೆ ಮತ್ತೆ ಫೋನ್ ಹಚ್ಚುತ್ತಲೇ ಇದ್ದಳು. ಖಾನಾಪುರ ಹತ್ತಿರ ಬಂದಾಗ ಮಾಯಕ್ಕನ ದನಿ ಕೇಳಿತು.

"ಜೀವಕ್ಕೇನಿಲ್ಲವ್ವಾ. ಪೈಪ್ ಕಳಚಿ ಬಡದು ನೀರಾಗ ಬಿದ್ದಿದ್ದ. ಹಗ್ಗ ಬಿಟ್ಟು ಎಲ್ಲಾರೂ ಕೂಡಿ ಎಳದ್ವಿ. ತೋಳು ಮುರದೈತಿ. ಖಾನಾಪುರ ದವಾಖಾನಿಗೇ ಬರ್ರಿ."

ಸಿದರಾಯ ಮಂಚದ ಮೇಲೆ ಮಲಗಿದ್ದ, ತೋಳಿಗೆ ಪಟ್ಟಿ ಸುತ್ತಿದ್ದರು. ಸಾಕ್ಷಿ ಹತ್ತಿರ ಹೋಗಿ ನಿಂತಳು.

"ಅಣ್ಣಾ, ಚಾಲೂ ಮಾಡಿದಾಕಿ ನಾನ. ಬರಿಯೂದರಾಗ ತಪ್ಪಿದೆ. ಪ್ರೋಗ್ರಾಂಗೆ ಅದು ತಿಳೀಲಿಲ್ಲ, ಆದ್ರೂ ಚಾಲೂ ಮಾಡಿಬಿಡ್ತು."

ಅವನು ಗೋಡೆಯತ್ತ ಮುಖ ತಿರುಗಿಸಿದ. ಗೋಡೆ ನೋಡುತ್ತಲೇ ಕೇಳಿದ, "ತಿಳೀಲಿಲ್ಲಂದ್ರ ಅದಕ್ಕ ಸುಮ್ಮನಿರಾಕ ಬರೂದಿಲ್ಲೇನ್ರಿ?"

"ಪ್ರೋಗ್ರಾಂ ಹಂಗ ಬರದಾಂವ ನಾನು," ಎಂದ ಓಂಕಾರ. "ಸಣ್ಣ ತಪ್ಪಿಗೆಲ್ಲಾ ಅದು ತಕರಾರು ಮಾಡಬಾರದು ಅಂತ."



ಸಾಕ್ಷಿ ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಪ್ರೋಗ್ರಾಂ ತಿದ್ದತೊಡಗಿದಳು. ಗುರುತಿಲ್ಲದ ಒಂದೇ ಒಂದು ಮಾತು ಕಂಡರೂ ಪ್ರೋಗ್ರಾಂ ಅಲ್ಲೇ ನಿಲ್ಲಬೇಕು, ಯಾವುದು ತಿಳಿಯಲಿಲ್ಲವೆಂದು ಹೇಳಬೇಕು. ಹೊತ್ತು ಇಳಿಯುವಷ್ಟರಲ್ಲಿ ಮುಗಿಸಿ, ಸಿದರಾಯನ ಸಂಗಡ ಬಂದಿದ್ದ ಮಾಯಕ್ಕನಿಗೆ ತಿಳಿಸಿದಳು.

"ಚೊಲೋ ಆತು," ಎಂದಳು ಮಾಯಕ್ಕ. "ಆದ್ರೂ ಇನ್ನ ಮ್ಯಾಲೆ ಯಾರರೆ ಬಾವ್ಯಾಗ ಇಳದ್ರ ಪಂಪಿನ ಫ್ಯೂಜ್ ತಗದು ನನ್ನ ಕಡೆ ಇಟ್ಕೋತೀನಿ."

"ಇಟ್ಕೋರಿ ಮಾಯಕ್ಕಾ," ಎಂದಳು ಸಾಕ್ಷಿ.